ಸಿಡುಕಪ್ಪನ ಸಾವು

ಹಿರೇಗಿರಿಯ ದಳವಾಯಿ ಮುದ್ದರಸ ಆಸ್ಥಾನಕ್ಕೆ ನುಗ್ಗಿದವನೇ ಕಿರುಚಿದ: "ಮಹಾಪ್ರಭು! ತೊಗಲುಗೊಂಬೆ ಆಡಿಸುವ ತಿಮ್ಮವ್ವ ನನ್ನ ಮಾನ ಕಳೆದಳು. ಅವಳ ಗೊಂಬೆ ಸಿಡುಕಪ್ಪ ಇದ್ದಾನಲ್ಲ, ಅವನು ನಾನೇ! ಅದನ್ನು ಹೊಳೆಗೆ ಎಸೆಯಲೇಬೇಕು!"

ಸಿಡುಕಪ್ಪ ಯಾರಂತೀರಾ? ಮದುವೆಮನೆಯಲ್ಲಿ ಎಲ್ಲರನ್ನೂ ಬೈದು, ಕೊನೆಗೆ ಊಟಕ್ಕೆ ಕರೆಯುವವರಿಲ್ಲದೆ ಹಿತ್ತಲಲ್ಲಿ ಒಬ್ಬನೇ ಕೂತು ಅಳುವ ಗೊಂಬೆ. ಜನ ಮೊದಲು ಬಿದ್ದು ಬಿದ್ದು ನಗುತ್ತಿದ್ದರು, ಆಮೇಲೆ ಅಯ್ಯೋ ಪಾಪ ಅಂತ ಕಣ್ಣೊರೆಸಿಕೊಳ್ಳುತ್ತಿದ್ದರು.

ರಾಜ ಕರೆಸಿದಾಗ ತಿಮ್ಮವ್ವ ಬಂದು ಕೈಮುಗಿದಳು. "ಬುದ್ಧೀ, ಇದನ್ನ ಮಾಡಿದ್ದು ನಮ್ಮಪ್ಪ. ಆಗ ದಳವಾಯಿಗಳು ಹುಟ್ಟೇ ಇರಲಿಲ್ಲ. ಸಿಡುಕಪ್ಪ ಹೋದರೆ ನಮ್ಮ ಆಟ ಯಾರೂ ನೋಡಲ್ಲ. ನಮ್ಮ ಹೊಟ್ಟೆಗೆ ಮಣ್ಣೇ ಗತಿ."

"ನಾನೇ ಅಂದಮೇಲೆ ನಾನೇ!" ದಳವಾಯಿ ನೆಲ ಗುದ್ದಿದ.

ರಾಜನಿಗೆ ತಲೆ ಚಿಟ್ಟುಹಿಡಿಯಿತು. "ಆಯ್ತಪ್ಪ, ನಾಳೆ ಹೊಳೆಗೆ ಬಿಡಿ" ಅಂದುಬಿಟ್ಟ.

ಆಸ್ಥಾನದ ಜಾಣ ಮಾಯಣ್ಣ ಎದ್ದು ನಿಂತ. "ಪ್ರಭು, ಗೊಂಬೆಯವರಲ್ಲಿ ಒಂದು ಪದ್ಧತಿ. ಗೊಂಬೆಯನ್ನ ಸುಮ್ಮನೆ ಎಸೆಯೋದಿಲ್ಲ. ಸತ್ತ ಮನುಷ್ಯರಿಗೆ ಮಾಡೋದನ್ನೆಲ್ಲ ಮಾಡಿಯೇ ಹೊಳೆಗೆ ಬಿಡ್ತಾರೆ. ಆ ಭಾರ ನನಗಿರಲಿ."

ಬೆಳಗಾಗುತ್ತಲೇ ದಳವಾಯಿಯ ಮನೆಮುಂದೆ ತಮಟೆ! ಹೊರಗೆ ಬಂದು ನೋಡುತ್ತಾನೆ, ಚಟ್ಟದ ಮೇಲೆ ಸಿಡುಕಪ್ಪ. ಜಗಲಿಯಲ್ಲಿ ಅವನ ಇಬ್ಬರು ಗಂಡುಮಕ್ಕಳ ತಲೆಗೆ ಕ್ಷೌರದವನು ನೀರು ಹಚ್ಚುತ್ತಿದ್ದಾನೆ. ಭಾವಮೈದ ಆಗಲೇ ದಳವಾಯಿಯ ಪೇಟ ಸುತ್ತಿಕೊಂಡು ಮೀಸೆ ತಿರುವುತ್ತಿದ್ದಾನೆ.

"ಯಾರೋ ಸತ್ತದ್ದು?"

"ತಾವೇ ಬುದ್ಧೀ," ಮಾಯಣ್ಣ ಬಿಕ್ಕಿದ. "ಸಿಡುಕಪ್ಪ ನಾನೇ ಅಂತ ತುಂಬಿದ ಸಭೇಲಿ ಹೇಳಿದಿರಿ. ಸ್ವಲ್ಪ ಪಕ್ಕಕ್ಕೆ ಸರೀರಿ, ಚಟ್ಟ ಹೋಗಬೇಕು."

"ನಾನು ಬದುಕಿದ್ದೀನಯ್ಯಾ!"

"ಸತ್ತಮೇಲೂ ಸಿಡುಕು ಹೋಗಲಿಲ್ಲ ನೋಡಿ," ಅಂದ ಭಾವಮೈದ.

ಅಷ್ಟರಲ್ಲಿ ಗಲಾಟೆ ಕೇಳಿ ರಾಜನೂ ಬಂದ. ದಳವಾಯಿ ಓಡಿ ಕಾಲಿಗೆ ಬಿದ್ದ. "ಪ್ರಭು, ಆ ತೊಗಲಿನ ತುಂಡು ನಾನಲ್ಲ! ದೇವರಾಣೆ ನಾನಲ್ಲ!"

"ನೀನಲ್ಲದಿದ್ದರೆ ನಿನಗೆಂಥ ಅವಮಾನವೋ?" ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ತಾನೇ ಗೊಂಬೆಯನ್ನೆತ್ತಿ, ಚಟ್ಟದ ಪಕ್ಕ ಕೂತಿದ್ದ ತಿಮ್ಮವ್ವನ ಮಡಿಲಿಗಿಟ್ಟು, ಸಂಜೆ ಅರಮನೆಯಲ್ಲಿ ಆಟ ಆಡಿಸು ಅಂದ.

ದಳವಾಯಿ ಸುತ್ತ ನೋಡಿದ. ಬೀದಿ ತುಂಬ ಜನ, ಎಲ್ಲರ ಕಣ್ಣಲ್ಲೂ ನೀರು. ಅವನೂ ಕಣ್ಣೊರೆಸಿಕೊಂಡ. "ಏನೇ ಆಗಲಿ ಮಾಯಣ್ಣ, ನಾನು ಸತ್ತೆ ಅಂತ ಇಷ್ಟು ಜನ ಅತ್ತರಲ್ಲ!"

"ತಪ್ಪು ತಿಳೀಬೇಡಿ ಬುದ್ಧೀ," ಅಂದ ಮಾಯಣ್ಣ. "ದಳವಾಯಿಗಳು ಹೋದರು ಅಂತ ಮೊದಲು ಡಂಗುರ ಹೊಡೆಸಿದೆ, ಒಂದು ನರಪಿಳ್ಳೆಯೂ ಬರಲಿಲ್ಲ. ಆಮೇಲೆ ಸಿಡುಕಪ್ಪ ಹೋದ ಅಂದೆ."