ರಾಜನ ಕಣ್ಣಿಗೆ ಸೀಗೆಪುಡಿ

ಹೊನ್ನಗುಡ್ಡದ ರಾಜ ವೀರಕೇಸರಿಗೆ ಆಜ್ಞೆ ಹೊರಡಿಸುವ ಚಪಲ. ಊಟವನ್ನಾದರೂ ಬಿಟ್ಟಾನು, ದಿನಕ್ಕೊಂದು ಆಜ್ಞೆ ಬಿಡಲಾರ. ಅದರಲ್ಲೂ ನೀರಿನ ಆಜ್ಞೆ ಎಂದರೆ ಅವನಿಗೆ ಪ್ರಾಣ. ರಾಜ್ಯದಲ್ಲಿ ನೀರಿಗೆ ಸಂಬಂಧಪಟ್ಟ ಯಾವ ಕೆಲಸವೇ ಆಗಲಿ, ಅರ್ಜಿಗೆ ಐದು ಕಚೇರಿಗಳ ಮುದ್ರೆ ಬೀಳದೆ ನಡೆಯಕೂಡದು. ಸ್ವತಃ ರಾಜನೇ ಬಾಯಿಮಾತಿನಲ್ಲಿ ಹೇಳಿದರೂ ನಡೆಯಕೂಡದು. ನಡೆಸಿದವರಿಗೆ ಮೂರು ವರ್ಷ ಸೆರೆಮನೆ.

ಒಂದು ದಿನ ತುಂಬಿದ ಸಭೆಯಲ್ಲಿ ರಾಜ ಮೀಸೆ ತಿರುವಿದ. "ನೀರಿನ ಆಜ್ಞೆ ಬಂದು ವರ್ಷವಾಯಿತು. ಇಲ್ಲಿಯವರೆಗೆ ಒಂದೇ ಒಂದು ಅರ್ಜಿ ತಿರಸ್ಕಾರವಾಗಿಲ್ಲ! ನನ್ನ ಆಡಳಿತದಲ್ಲಿ ನೊಂದವರು ಒಬ್ಬರಿದ್ದರೆ ಕರೆತನ್ನಿ, ನೋಡೋಣ!"

ಸಭೆ ಭಲೇ ಎಂದಿತು. ಹಾಗೆನ್ನುವುದಕ್ಕೇ ಅವರಿಗೆಲ್ಲ ಸಂಬಳ.

ವಿದೂಷಕ ಸಿಂಗಣ್ಣ ಮಾತ್ರ ಎದ್ದುಹೋಗಿ, ಹೆಬ್ಬಾಗಿಲ ಬಳಿ ಕೂತಿದ್ದ ಹೆಂಗಸೊಬ್ಬಳನ್ನು ಕರೆತಂದ. ಅವಳು ಕೆಂಚನಕೊಪ್ಪದ ಬೋರಮ್ಮ.

"ನಮ್ಮೂರ ಬಾವಿ ರಾಟೆ ಮುರಿದು ಬಿದ್ದೈತೆ ಬುದ್ಧಿ. ಹೊಸದಕ್ಕೆ ಅರ್ಜಿ ಹಾಕಿ ಹನ್ನೊಂದು ತಿಂಗಳಾಯ್ತು. ಬರಿಗೈಲಿ ಹಗ್ಗ ಎಳೆದೂ ಎಳೆದೂ..." ಬೋರಮ್ಮ ಅಂಗೈ ಚಾಚಿದಳು. ಅದರ ಮೇಲೆ ಚರ್ಮ ಎನ್ನುವುದೇ ಉಳಿದಿರಲಿಲ್ಲ. "ಮೊನ್ನೆ ನನ್ನ ಬಸುರಿ ಸೊಸೆ ಕಾಲು ಜಾರಿ ಬಾವಿಗೇ ಬೀಳ್ತಿದ್ಲು. ಸೆರಗು ಹಿಡಿದು ಎಳಕೊಂಡೆ. ಇನ್ನೊಂದ್ಸಲ ಸೆರಗು ಕೈಗೆ ಸಿಗ್ತದೋ ಇಲ್ವೋ."

"ನಿನ್ನ ಅರ್ಜಿಯನ್ನು ಯಾರಾದರೂ ತಿರಸ್ಕರಿಸಿದರೇನು?" ಎಂದ ರಾಜ.

"ಇಲ್ಲ ಬುದ್ಧಿ. ಒಂದು ಕಚೇರೀಲಿ ಹಬ್ಬ ಮುಗೀಲಿ ಅಂದ್ರು. ಇನ್ನೊಂದರಲ್ಲಿ ರಾಟೆಗೊಂದು, ಹಗ್ಗಕ್ಕೊಂದು ಅರ್ಜಿ ತಾ ಅಂದ್ರು. ಮೂರನೇದರಲ್ಲಿ ಬಾವೀನೇ ತಂದು ತೋರಿಸು ಅಂದ್ರು."

"ಆದರೆ ತಿರಸ್ಕರಿಸಲಿಲ್ಲ!" ರಾಜ ತೊಡೆ ತಟ್ಟಿದ. "ಪರಿಶೀಲನೆಯಲ್ಲಿದೆ! ಅರ್ಜಿ ಪರಿಶೀಲನೆಯಲ್ಲಿ ಇರುವತನಕ ಯಾರೂ ನೊಂದ ಲೆಕ್ಕವಲ್ಲ. ಏನಂತೀಯ ಸಿಂಗಣ್ಣ?"

ಸಿಂಗಣ್ಣನಿಗೆ ಮೈ ಉರಿದುಹೋಯಿತು. ಆದರೂ ಕೈಮುಗಿದ. "ಬಹಳ ಒಳ್ಳೆಯ ಮಾತು ಪ್ರಭು. ಯುಗಾದಿಯವರೆಗೆ ನೆನಪಿಟ್ಟುಕೊಂಡಿರುತ್ತೇನೆ."

ಯುಗಾದಿಗೆ ನಾಲ್ಕೇ ದಿನವಿತ್ತು. ಹಬ್ಬದ ಬೆಳಿಗ್ಗೆ ಅರಮನೆಯ ಜಟ್ಟಿ ರಾಜನ ಮೈಗೆಲ್ಲ ಹರಳೆಣ್ಣೆ ತಿಕ್ಕಿ, ತಲೆಗೆ ಬೊಗಸೆ ತುಂಬ ಸೀಗೆಪುಡಿ ಹಚ್ಚಿದ. ಸೀಗೆ ಹಣೆಯಿಂದ ಇಳಿದು ಸೀದಾ ಕಣ್ಣಿಗೆ ಹೋಯಿತು.

"ಅಯ್ಯಯ್ಯೋ! ನೀರು ಹಾಕೋ!"

ಜಟ್ಟಿ ಹಂಡೆಗೆ ಚೊಂಬು ಅದ್ದಿದ. ಅಷ್ಟರಲ್ಲಿ ಬಾಗಿಲಲ್ಲಿ ಸಿಂಗಣ್ಣನ ದನಿ. "ಜಟ್ಟಿ, ನಿನಗೆ ಹೆಂಡತಿ ಮಕ್ಕಳಿದ್ದಾರಲ್ಲವೇ? ಹಂಡೆಯಲ್ಲಿರುವುದು ನೀರು. ಐದು ಮುದ್ರೆ ಎಲ್ಲಿ? ರಾಜರು ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ. ಮೂರು ವರ್ಷ!"

ಜಟ್ಟಿಯ ಕೈಯಿಂದ ಚೊಂಬು ಠಣ್ಣೆಂದು ಬಿತ್ತು.

"ಮುದ್ರೆ ತಾನೇ? ಐದೂ ಕಚೇರಿಯವರು ಹೊರಗೆ ಜಗುಲಿ ಮೇಲೇ ಇದ್ದಾರೆ, ಹಬ್ಬದ ಉಡುಗೊರೆಗೆ ಕಾದುಕೊಂಡು," ಎಂದು ರಾಜ ಹಲ್ಲು ಕಚ್ಚಿದ. "ಅರ್ಜಿ ಒಯ್ಯಿ. ನನ್ನ ಹೆಸರು ಹಾಕಬೇಡ. ನನ್ನ ಆಡಳಿತ ಎಷ್ಟು ಚುರುಕು ಅಂತ ನೀನೇ ನೋಡುವೆಯಂತೆ!"

ಸಿಂಗಣ್ಣನಿಗೆ ಬೇಕಾಗಿದ್ದದ್ದೂ ಅದೇ. "ಒಬ್ಬ ಮನುಷ್ಯನ ಕಣ್ಣು ಉರಿಯುತ್ತಿದೆ, ಒಂದು ಚೊಂಬು ನೀರಿಗೆ ಅಪ್ಪಣೆ ಬೇಕು" ಎಂದು ಬರೆದು ಜಗುಲಿಗೆ ಒಯ್ದ. ಒಳಗೆ ರಾಜ ಉಸಿರು ಬಿಗಿಹಿಡಿದು ಬಾಗಿಲಿಗೆ ಕಿವಿಯಿಟ್ಟ.

"ಹಬ್ಬದ ದಿನ ಅರ್ಜಿಯೇ? ಮುಂದಿನ ವಾರ ಬರಹೇಳು," ಎಂದಿತು ಒಂದು ದನಿ.

"ಉರಿಯುವುದು ಒಂದು ಕಣ್ಣೋ ಎರಡೋ? ಎರಡಾದರೆ ಎರಡು ಅರ್ಜಿ," ಎಂದಿತು ಇನ್ನೊಂದು.

"ಕಣ್ಣನ್ನು ಕಚೇರಿಗೆ ತಂದು ತೋರಿಸಲಿ. ಉರಿ ನಿಜವೋ ನಾಟಕವೋ ನೋಡಬೇಕಲ್ಲ," ಎಂದಿತು ಮೂರನೆಯದು.

ನಾಲ್ಕನೆಯವನು ಅರ್ಜಿಯನ್ನು ಐದನೆಯವನಿಗೆ ಕೊಟ್ಟ. ಐದನೆಯವನು ಅದನ್ನು ಮಡಚಿ ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳತೊಡಗಿದ.

ಸಿಂಗಣ್ಣ ಒಳಗೆ ಬಂದ. ರಾಜ ಎರಡೂ ಕಣ್ಣು ಮುಚ್ಚಿಕೊಂಡು ಕುಣಿಯುತ್ತಿದ್ದ. "ತಿರಸ್ಕರಿಸಿದರೇನೋ ಆ ಕತ್ತೆಗಳು?"

"ಛೆ ಛೆ! ತಮ್ಮ ರಾಜ್ಯದಲ್ಲಿ ತಿರಸ್ಕಾರವೇ? ಪರಿಶೀಲನೆಯಲ್ಲಿದೆ ಪ್ರಭು. ಆದ್ದರಿಂದ ತಮ್ಮ ಕಣ್ಣು ಉರಿಯುತ್ತಿಲ್ಲ."

ರಾಜನ ಕುಣಿತ ನಿಂತಿತು. ಆಮೇಲೆ ಅವನು ಮೆಲ್ಲಗೆ ಕೇಳಿದ. "ಅವಳಿಗೆ ಹನ್ನೊಂದು ತಿಂಗಳು, ಅಲ್ಲವೇನೋ?"

"ಹೌದು ಪ್ರಭು. ತಮಗಿನ್ನೂ ಅರ್ಧ ಗಳಿಗೆಯೂ ಆಗಿಲ್ಲ."

"ಆಜ್ಞೆ ರದ್ದು! ರದ್ದು ಮಾಡುವುದಕ್ಕೆ ಮುದ್ರೆ ಬೇಕೆಂದು ನಾನು ಎಲ್ಲೂ ಬರೆದಿಲ್ಲ. ಸುರಿಯೋ ಜಟ್ಟಿ!"

ಕೆಂಪು ಕಣ್ಣು ಬಿಟ್ಟುಕೊಂಡು ರಾಜ ಹೊರಗೆ ಬಂದಾಗ ಐವರೂ ಉಡುಗೊರೆಗೆ ಕೈ ಒಡ್ಡಿದರು. ರಾಜ ಜಟ್ಟಿಯನ್ನು ಕರೆದ. "ಇವರ ತಲೆಗೂ ಸೀಗೆ ಹಚ್ಚು. ಇನ್ನು ಮೇಲೆ ನೀರಿನ ಅರ್ಜಿ ಬಂದರೆ ಅಧಿಕಾರಿ ಹೀಗೇ ಕೂರಬೇಕು. ಕೆಲಸ ಮುಗಿದ ಮೇಲೆಯೇ ಅವನ ತಲೆಗೆ ನೀರು. ಮೊದಲು ಕೆಂಚನಕೊಪ್ಪದ ರಾಟೆ!"

ಐವರೂ ಕಣ್ಣುಜ್ಜಿಕೊಳ್ಳುತ್ತ ಓಡಿದ ಓಟವನ್ನು ಊರೆಲ್ಲ ನಿಂತು ನೋಡಿತು. ಹಬ್ಬದೂಟದ ಎಲೆ ಹಾಕುವ ಮೊದಲೇ ಹೊಸ ರಾಟೆ, ಹೊಸ ಹಗ್ಗ ಬಾವಿಯ ಮೇಲಿದ್ದವು. ಬೋರಮ್ಮನ ಸೊಸೆ ಅಂದು ನೀರಿಗೆ ಹೋಗಲಿಲ್ಲ. ಐದು ಜನ ಅಧಿಕಾರಿಗಳು ತಲೆ ತೊಳೆದುಕೊಳ್ಳಲು ತಾವೇ ಸೇದಿಕೊಂಡು, ಅವಳ ಕೊಡಗಳನ್ನೂ ತುಂಬಿಸಿಟ್ಟಿದ್ದರು.

ಸುದ್ದಿ ಕೇಳಿ ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಿಂಗಣ್ಣ, ನಿನಗೇನು ಬೇಕೋ ಕೇಳು, ಕೊಡುತ್ತೇನೆ."

ಸಿಂಗಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ಕೇಳಿದರೆ ಅದು ಅರ್ಜಿಯಾಗುತ್ತದೆ ಪ್ರಭು. ತಮಗೇ ತೋಚಿದ್ದನ್ನು ಈಗಲೇ ಕೊಟ್ಟುಬಿಡಿ!"