ಚುಕ್ಕೆ ಅಳಿದ ಚಿಟ್ಟೆ

"ಗುರುಗಳೇ, ನನ್ನ ಅವ್ವನಿಗೆ ಈಗ ನನ್ನ ಗುರುತೇ ಸಿಗುವುದಿಲ್ಲ. ಹಾಡು ಮರೆತಿದ್ದಾಳೆ, ಅಡುಗೆ ಮರೆತಿದ್ದಾಳೆ. ಎದುರಿಗೆ ಕುಳಿತರೆ 'ಯಾರ ಮನೆಯವನಪ್ಪ ನೀನು?' ಎಂದು ಕೇಳುತ್ತಾಳೆ. ಅಲ್ಲಿರುವವಳು ನನ್ನ ಅವ್ವನಲ್ಲ, ಬೇರೆ ಯಾರೋ. ತಂಗಿ ನೋಡಿಕೊಳ್ಳುತ್ತಿದ್ದಾಳೆ. ನಾನು ಮನೆಗೆ ಹೋಗದೆ ಇಲ್ಲೇ ನಿಮ್ಮ ಬಳಿ ಉಳಿದರೆ ತಪ್ಪೇ?"

ಹೀಗೆ ಕೇಳಿದವನು ಮರಿಸ್ವಾಮಿ ಎಂಬ ಶಿಷ್ಯ. ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಅಂಚೆಯವನಿದ್ದ. ಬೇಸಿಗೆಯಲ್ಲಿ ಕೆಲಸಕ್ಕೆ ಹೋಗುವ ಮುನ್ನ ಕ್ಯಾಮೆರಾ ಹಿಡಿದು ಕಾಲುವೆ ದಂಡೆಗೆ ಹೋಗುತ್ತಿದ್ದ. ಚಿಟ್ಟೆಗಳ ಫೋಟೋ ತೆಗೆದು, ನೋಟ್‌ಬುಕ್ಕಿನಲ್ಲಿ ಅಂಟಿಸಿ, ಕೆಳಗೆ ಹೆಸರನ್ನೂ ತಾರೀಖನ್ನೂ ಬರೆಯುತ್ತಿದ್ದ. ಹುಲ್ಲಿನಿಂದ ಹುಲ್ಲಿಗೆ ನೆಗೆಯುವ ಕಂದು ಬಣ್ಣದ ಪುಟ್ಟ ಚಿಟ್ಟೆಗಳಿವೆ. ಸ್ಕಿಪ್ಪರ್ ಎನ್ನುತ್ತಾರೆ. ಎಲ್ಲವೂ ನೋಡಲು ಒಂದೇ ತರಹ. ಹಿಂದಿನ ರೆಕ್ಕೆಯ ಅಡಿಭಾಗದ ಬಿಳಿ ಚುಕ್ಕೆಗಳನ್ನು ಎಣಿಸಿ ಇದು ಇಂಥದ್ದು ಎಂದು ಹೇಳಬೇಕು.

ಒಂದು ದಿನ ಅವನಿಗೆ ಏಳು ಚುಕ್ಕೆಯ ಚಿಟ್ಟೆ ಸಿಕ್ಕಿತು. ಪುಸ್ತಕ ನೋಡಿ ಹೆಸರು ಬರೆದ. ಒಂದು ವಾರ ಕಳೆದ ಮೇಲೆ ಅದೇ ಜಾಗದಲ್ಲಿ ಮೂರೇ ಚುಕ್ಕೆಯದು ಸಿಕ್ಕಿತು. ಆಮೇಲೆ ಚುಕ್ಕೆಯೇ ಇಲ್ಲದ್ದು. ಅಂಥದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಯಾರೂ ಕಾಣದ ಜಾತಿಯನ್ನು ತಾನು ಕಂಡೆನೆಂದು ಅವನು ನೋಟ್‌ಬುಕ್ಕಿನಲ್ಲಿ ಬೇರೆ ಪುಟ ತೆರೆದ. ಪಕ್ಕದ ಊರಿನಲ್ಲಿ ನಲವತ್ತು ವರ್ಷ ಚಿಟ್ಟೆಗಳನ್ನು ನೋಡಿದ್ದ ಮುದುಕಿಯೊಬ್ಬಳಿದ್ದಳು. ಅವಳಿಗೆ ತೋರಿಸಲು ಹೋದ.

ಅವಳು ಎರಡೂ ಪುಟಗಳನ್ನು ಬಹಳ ಹೊತ್ತು ನೋಡಿದಳು.

"ಎಡಗಡೆ ರೆಕ್ಕೆಯ ಅಂಚು ನೋಡಪ್ಪ. ಹಕ್ಕಿ ಕಚ್ಚಿ ಹರಿದಿದೆ. ಮೊದಲನೇ ಫೋಟೋದಲ್ಲೂ ಹಾಗೇ ಇದೆ, ಕೊನೆಯದರಲ್ಲೂ ಹಾಗೇ ಇದೆ. ಒಂದೇ ಚಿಟ್ಟೆಗೆ ಎರಡು ಪುಟ ಕೊಟ್ಟಿದ್ದೀಯಲ್ಲ, ಭಾರಿ ಧಾರಾಳಿ ನೀನು!"

"ಚುಕ್ಕೆಗಳೇ ಇಲ್ಲವಲ್ಲ ಅಮ್ಮ?"

"ಎಲ್ಲಿಂದ ಇರಬೇಕು? ಚುಕ್ಕೆ ಅನ್ನುವುದು ರೆಕ್ಕೆಗೆ ಅಂಟಿದ ಹುಡಿ. ಈ ಫೋಟೋದಲ್ಲಿ ನೋಡು, ಹೊಟ್ಟೆ ಬಗ್ಗಿಸಿ ಮೊಟ್ಟೆ ಇಡುತ್ತಿದೆ. ಇಷ್ಟು ದಿನ ಹುಲ್ಲಿನ ಒಳಗೆ ನುಗ್ಗಿ ನುಗ್ಗಿ ಮೊಟ್ಟೆ ಇಟ್ಟಿದೆ. ಹುಲ್ಲು ಉಜ್ಜಿ ಹುಡಿ ಹೋಗಿದೆ. ನೀನು ಚುಕ್ಕೆ ಎಣಿಸಿದೆ, ಚಿಟ್ಟೆಯನ್ನು ನೋಡಲಿಲ್ಲ."

ಅಂಚೆಯವನು ಮನೆಗೆ ಬಂದು ಬೇರೆ ಪುಟದ ಫೋಟೋಗಳನ್ನು ಬಿಡಿಸಿ ಮೊದಲಿನ ಹೆಸರಿನ ಕೆಳಗೇ ಅಂಟಿಸಿದ. ಮರುದಿನ ಬೆಳಿಗ್ಗೆ ಕಾಲುವೆ ದಂಡೆಗೆ ಹೋದ. ಚಿಟ್ಟೆ ಇರಲಿಲ್ಲ. ಅದರ ಮರುದಿನವೂ ಹೋದ. ಆಗಲೂ ಇರಲಿಲ್ಲ. ಬೇಸಿಗೆ ಮುಗಿಯುವವರೆಗೂ ಅವನು ಹೋಗುತ್ತಲೇ ಇದ್ದ.

ಗುರುಗಳು ಕತೆ ನಿಲ್ಲಿಸಿದರು.

"ಪಾಪ, ಹೊಸ ಜಾತಿ ಕೈತಪ್ಪಿತೆಂದು ಅವನಿಗೆ ಬಹಳ ನೋವಾಗಿರಬೇಕು," ಎಂದ ಮರಿಸ್ವಾಮಿ.

ಗುರುಗಳು ಅವನ ಮುಖವನ್ನೇ ನೋಡಿದರು.

"ಅವನಿಗೆ ಆ ಚಿಟ್ಟೆ ಮತ್ತೆ ಸಿಗಲಿಲ್ಲ. ನಿನ್ನ ಅವ್ವ ಇನ್ನೂ ಇದ್ದಾಳಲ್ಲವೇ?"