ದಕ್ಷಿಣದ ಕಿಂಡಿಗೆ ಕೂತ ಇಟ್ಟಿಗೆ

ಬದನೆಕಾಯಿ, ತೆನೆ ಸುಡಲೆಂದು ಚೆನ್ನವೀರಪ್ಪ ಹಿತ್ತಲಲ್ಲಿ ಗ್ಯಾಸಿನ ಗ್ರಿಲ್ ಒಲೆಗೂ ಅದರ ಸಿಲಿಂಡರಿಗೂ ಸೇರಿಸಿ ಇಟ್ಟಿಗೆಯ ಗೂಡು ಕಟ್ಟಿಸಿದ. ಮೇಸ್ತ್ರಿ ಮೌಲಾಲಿ ಗೂಡಿನ ಬುಡದಲ್ಲಿ, ದಕ್ಷಿಣಕ್ಕೆ, ಒಂದು ಕಿಂಡಿ ಬಿಟ್ಟ.

“ಸಿಲಿಂಡರ್ ಸೋರಿದರ ಗ್ಯಾಸ್ ಕೆಳಗ ಇಳೀತೈತ್ರಿ. ಹೊರಗ ಹೋಗಾಕ ದಾರಿ ಬೇಕು,” ಎಂದ.

“ಅದು ಯಮನ ದಿಕ್ಕು. ಮುಚ್ಚು.”

ಮೌಲಾಲಿ ಒಲ್ಲೆನೆಂದು ಹೋದ. ಚೆನ್ನವೀರಪ್ಪ ತಾನೇ ಒಂದು ಇಟ್ಟಿಗೆಯನ್ನು ಕಿಂಡಿಗೆ ತುರುಕಿದ.

ಮರುದಿನ ಬೆಳಿಗ್ಗೆ ಗಾಳಿ ಬಂದು ಇಟ್ಟಿಗೆಯನ್ನು ತಟ್ಟಿತು. “ಒಳಗೆ ಗ್ಯಾಸ್ ಸೋರಿ ತುಂಬಿದೆ. ತುಸು ಪಕ್ಕಕ್ಕೆ ಸರಿ, ಅದನ್ನು ಹೊರಗೆ ಕರೆದೊಯ್ಯುತ್ತೇನೆ.”

“ಯಮ ಎಂಥೆಂಥ ವೇಷದಲ್ಲಿ ಬರುತ್ತಾನೆಂದು ನನಗೆ ಗೊತ್ತು. ನಾನು ಕಾವಲಿಗೆ ನಿಂತಿದ್ದೇನೆ, ಕದಲುವುದಿಲ್ಲ,” ಎಂದಿತು ಇಟ್ಟಿಗೆ.

ಗಾಳಿ ಮೂರು ಸಲ ಬೇಡಿಕೊಂಡಿತು. ಅಷ್ಟರಲ್ಲಿ ಚೆನ್ನವೀರಪ್ಪನ ಹೆಂಡತಿ ನೀಲವ್ವ ಸೆರಗಿನ ತುಂಬ ಬದನೆಕಾಯಿ ತಂದು, ಒಲೆ ಹಚ್ಚಲು ಕಡ್ಡಿ ಗೀರಿದಳು. ಗೂಡು ಸಿಡಿಯಿತು.

ನೀಲವ್ವನ ಹೆಣ ಎತ್ತಿದ ಮೇಲೆ, ಚೆಲ್ಲಿದ ಬದನೆಕಾಯಿಗಳ ನಡುವೆ ಬಿದ್ದಿದ್ದ ಇಟ್ಟಿಗೆ ಅತ್ತಿತು. “ನಾನು ಯಮನನ್ನು ಒಳಗೆ ಬಿಡಲೇ ಇಲ್ಲವಲ್ಲ!”

“ಬಿಡಲಿಲ್ಲ,” ಎಂದಿತು ಗಾಳಿ. “ಅವನು ನಿನ್ನ ಬೆನ್ನ ಹಿಂದೆಯೇ ಕೂತಿದ್ದ. ಅವನನ್ನು ಹೊರಗೆ ಬಿಡೆಂದೇ ನಾನು ಬೇಡಿದ್ದು.”